ಅಪ್ಪ ತುಂಬಿಸಿದ ಗಾಡಿ

ಪೂರ್ತಿ ತುಂಬಿಸಿದರೆ ನಮ್ಮ ಗಾಡಿ ಈಗಲೂ ನೂರು ತೋರಿಸುತ್ತದೆ. ಸ್ಟೇರಿಂಗಿನ ಹಿಂದಿರುವ ಪುಟ್ಟ ಪರದೆಯ ಮೇಲೆ, ಹಸಿರು ಅಂಕಿಯಲ್ಲಿ, ಮೊದಲ ದಿನ ತೋರಿಸಿದ್ದ ಅದೇ ನೂರು. ಅದನ್ನು ನಂಬಿಕೊಂಡು ಹೊರಟರೆ, ಕಂಟೋನ್ಮೆಂಟಿನ ರೈಲ್ವೆ ಸ್ಟೇಷನ್ನಿಗೆ ಎರಡು ಸಲ ಹೋಗಿ ಬರುವಷ್ಟರಲ್ಲಿ ಅರ್ಧ ಇಳಿದಿರುತ್ತದೆ, ನನ್ನ ಜೀವ ಬಾಯಿಗೆ ಬಂದಿರುತ್ತದೆ. ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಘಾಟಿನ ಮೆಟ್ಟಿಲ ಮೇಲೆ ಬೆಳೆದವನಿಗೆ ಅದೇನೂ ಹೊಸದಲ್ಲ. ಆದರೆ ಇಷ್ಟು ಹಸಿರಾಗಿ, ಇಷ್ಟು ನೆಮ್ಮದಿಯಾಗಿ ಸುಳ್ಳು ಹೇಳುವುದನ್ನು ಈ ಬ್ಯಾಟರಿ ಕಾರಿನಲ್ಲೇ ಕಂಡಿದ್ದು.

ನಾವು ಕಾಶಿಯ ಕನ್ನಡದವರು. ತಾತ ತುಮಕೂರು ಕಡೆಯ ಒಂದು ಹಳ್ಳಿಯಿಂದ ವೇದ ಕಲಿಯಲು ಬಂದವರು ಇಲ್ಲೇ ಉಳಿದರು. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಎದುರಿನಿಂದ ಗೂಳಿ ಬಂದರೆ ನಾವೇ ಹಿಂದಕ್ಕೆ ಸರಿಯಬೇಕು, ಅಷ್ಟು ಅಗಲದ ಗಲ್ಲಿ. ನನ್ನ ಹೆಂಡತಿ ತಾರಸಿಯ ಮೇಲೆ ಸಂಡಿಗೆ ಹಾಕುವ ಮುಂಚೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾಳೆ. ಹೆಣ ಸುಡುವ ಹರಿಶ್ಚಂದ್ರ ಘಾಟಿನ ಕಡೆಯಿಂದಾದರೆ ಆ ದಿನ ಸಂಡಿಗೆ ಇಲ್ಲ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ತೀರ್ಥವಿಧಿ, ಶ್ರಾದ್ಧ, ಅಸ್ಥಿ ವಿಸರ್ಜನೆ ಮಾಡಿಸುವುದು ನಮ್ಮ ಮೂರು ತಲೆಮಾರಿನ ಕಸುಬು.

ತಾತನ ಕಾಲದಲ್ಲಿ ಯಾತ್ರಿಕರು ಕಾಗದ ಬರೆದು ಬರುತ್ತಿದ್ದರು, ತಿಂಗಳುಗಟ್ಟಲೆ ಇರುತ್ತಿದ್ದರು. ಈಗಿನವರು ಫೋನ್ ಮಾಡಿ ಮೊದಲು ಕೇಳುವ ಮಾತು, "ಭಟ್ರೇ, ಗಾಡಿ ನಿಮ್ದೇ ಇದೆಯಾ?" ಸ್ಟೇಷನ್ನಿನಿಂದ ಕರೆತರಬೇಕು, ಪ್ರಯಾಗಕ್ಕೆ ಕರೆದೊಯ್ಯಬೇಕು, ಗಯೆಗೂ ಹೋಗಿ ಬರಬೇಕು, ಮತ್ತೆ ರೈಲು ಹತ್ತಿಸಬೇಕು. ಗಾಡಿ ಇಲ್ಲ ಎಂದರೆ ಮಂತ್ರವೂ ಬರುವುದಿಲ್ಲ ಎಂದುಕೊಂಡು ಟ್ರಾವೆಲ್ಸಿನವರ ಬಸ್ಸು ಹತ್ತುತ್ತಾರೆ. ಬಸ್ಸಿನವರು ತಮ್ಮದೇ ಪುರೋಹಿತರನ್ನು ಗೊತ್ತು ಮಾಡಿಕೊಂಡಿರುತ್ತಾರೆ. ಹಾಗಾಗಿ, ಕಂಟೋನ್ಮೆಂಟಿನ ಒಂದು ಹೋಟೆಲಿನವರು ಬ್ಯಾಟರಿ ಕಾರು ಮಾರುತ್ತಿದ್ದಾರೆಂದು ತಿಳಿದಾಗ ಹಿಂದೆಮುಂದೆ ನೋಡದೆ ಕೊಂಡೆ. ಪೆಟ್ರೋಲಿನ ಗೊಡವೆ ಇಲ್ಲ, ಹೊಗೆ ಇಲ್ಲ. ಹೊಗೆ ಸಾಕಾಗಿದ್ದ ನಮಗೆ ಅದೇ ದೊಡ್ಡ ವಿಷಯವಾಗಿ ಕಂಡಿತ್ತು.

ಆಗ ಅಪ್ಪ ಸುಮ್ಮನೆ ಕೂತ ಕಾಲ. ಅಮ್ಮ ಹೋದ ಮೇಲೆ ಅವರು ಕ್ಷೇತ್ರ ಸನ್ಯಾಸ ತೆಗೆದುಕೊಂಡಿದ್ದರು. ಅಂದರೆ ಕಾವಿ ಉಡುವ ಸನ್ಯಾಸವಲ್ಲ. ಸಾಯುವ ತನಕ ಕಾಶಿಯ ಗಡಿ ದಾಟುವುದಿಲ್ಲ ಎಂಬ ವ್ರತ. ಗಡಿಯೊಳಗೂ ಅವರಿಗೆ ಓಡಾಟ ಕಡಿಮೆಯಾಗಿತ್ತು. ಮಂಡಿ ಹಿಡಿದುಕೊಂಡು ಘಾಟಿನ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಮಂತ್ರವೆಲ್ಲ ಬಾಯಲ್ಲೇ ಇತ್ತು, ಹೇಳಲು ಉಸಿರು ಸಾಲುತ್ತಿರಲಿಲ್ಲ. ಹಾಗಾಗಿ ಅವರ ಪಾಲಿಗೆ ಉಳಿದಿದ್ದು ದೇವರ ಮನೆಯ ನಂದಾದೀಪವೊಂದೇ.

ಆ ದೀಪ ತಾತ ಈ ಮನೆಗೆ ಕಾಲಿಟ್ಟ ದಿನ ಹಚ್ಚಿದ್ದು. ಅವತ್ತಿನಿಂದ ಆರಿಲ್ಲ ಎಂದು ಅಪ್ಪ ಹೇಳುತ್ತಿದ್ದರು, ನಾನೂ ನಂಬಿದ್ದೆ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಅಂಚಿನವರೆಗೆ ಎಣ್ಣೆ ಹೊಯ್ಯಬೇಕು. ತುಂಬಾ ಹೊಯ್ದರೆ ಬೆಳಗಿನ ತನಕ ನಿಲ್ಲುತ್ತದೆ. ಅಂಚಿನಿಂದ ಒಂದು ತೊಟ್ಟು ಆಚೆ ಬೀಳದ ಹಾಗೆ ಎಣ್ಣೆ ಹೊಯ್ಯುವುದು ಅಪ್ಪನ ಕೈಗೆ ಬಂದಿದ್ದ ವಿದ್ಯೆ. ಅಪ್ಪನ ಮನೆಯಲ್ಲಿ ಯಾವ ಪಾತ್ರೆಯೂ ಬರಿದಾಗಿ ಇರುವ ಹಾಗಿರಲಿಲ್ಲ. ಸಂಜೆಯಾದರೆ ಕೊಡಗಳು ತುಂಬಿರಬೇಕು, ಉಪ್ಪಿನ ಜಾಡಿ ತುಂಬಿರಬೇಕು, ಕುಂಕುಮದ ಭರಣಿಯಲ್ಲಿ ತಳ ಕಾಣಬಾರದು. ಖಾಲಿ ಎಂಬ ಮಾತು ಅವರ ಕಿವಿಗೆ ಬಿದ್ದರೆ ನನ್ನ ಹೆಂಡತಿಗೆ ಒಂದು ಗಂಟೆ ಉಪದೇಶ.

ಇಂಥವರ ಮುಂದೆ ನಾನು ಕಾರಿನ ವೈರು ಹಿಡಿದುಕೊಂಡು ಬಂದು ನಿಂತೆ.

"ಇದಕ್ಕೆ ದಿನಾ ತುಂಬಿಸ್ಬೇಕಾ?" ಎಂದರು.

"ಹೂಂ ಅಪ್ಪ, ಬಿಜಲಿ ತುಂಬಿಸ್ಬೇಕು."

"ಯಾರು ತುಂಬಿಸ್ತಾರೆ?"

ನಾನು ಅದನ್ನು ಯೋಚಿಸಿರಲಿಲ್ಲ. ಅಪ್ಪ ಕೋಲು ತೆಗೆದುಕೊಂಡು ಎದ್ದರು. "ನಡಿ, ತೋರಿಸು. ನಾನು ತುಂಬಿಸ್ತೀನಿ. ನೀನು ಮರೀತೀಯ."

ಗಾಡಿ ಗಲ್ಲಿಯೊಳಗೆ ಬರುವುದಿಲ್ಲವಾದ್ದರಿಂದ ಸೋನಾರ್‌ಪುರದ ರಸ್ತೆಯ ಮೇಲಿನ ಒಂದು ಕಟ್ಟಿಗೆ ಡಿಪೋದಲ್ಲಿ ಅದಕ್ಕೆ ಜಾಗ ಹಿಡಿದಿದ್ದೆ. ಹರಿಶ್ಚಂದ್ರ ಘಾಟಿಗೆ ಹೋಗುವ ಕಟ್ಟಿಗೆ ಅಲ್ಲಿ ರಾಶಿ ಬಿದ್ದಿರುತ್ತದೆ. ಪಕ್ಕದಲ್ಲಿ ತಗಡಿನ ಮಾಡು, ಅದರ ಕೆಳಗೆ ನಮ್ಮ ಗಾಡಿ, ಗೋಡೆಯಲ್ಲಿ ಒಂದು ದಪ್ಪ ಸಾಕೆಟ್ಟು. ಅಪ್ಪ ದಿನವೂ ಸಂಧ್ಯಾವಂದನೆ ಮುಗಿಸಿ ನಿಧಾನವಾಗಿ ನಡೆದು ಅಲ್ಲಿಗೆ ಹೋಗುತ್ತಿದ್ದರು, ವೈರು ಚುಚ್ಚುತ್ತಿದ್ದರು, ದೀಪ ಮಿನುಗುವುದನ್ನು ನೋಡಿ ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಸ್ನಾನವಾದ ಮೇಲೆ ಮತ್ತೆ ಹೋಗಿ ವೈರು ತೆಗೆದು, ಬಾಗಿಲು ತೆರೆದು ಪರದೆ ನೋಡುವುದು. ಮನೆಗೆ ಬಂದು ನಡುಮನೆಯಲ್ಲೇ ನಿಂತು ಹೇಳುವರು: "ನೂರು ಕಣೋ! ತುಂಬಿದೆ."

ಅಪ್ಪನ ಮುಖಕ್ಕೆ ಕಳೆ ಬಂತು. ಎರಡು ತುತ್ತು ಜಾಸ್ತಿ ಉಣ್ಣತೊಡಗಿದರು. "ಮಾವನಿಗೆ ಎರಡನೇ ನಂದಾದೀಪ ಸಿಕ್ತು" ಎಂದು ಹೆಂಡತಿ ನಗುತ್ತಿದ್ದಳು. ರಸ್ತೆಯಲ್ಲಿ ನಿಂತಿರುವ ಟೋಟೋದವರಿಗೂ, ಅಂದರೆ ಬ್ಯಾಟರಿ ರಿಕ್ಷಾದವರಿಗೂ, ಅಪ್ಪನ ಪರಿಚಯವಾಯಿತು. "ಏ ಬಾಬಾ, ಹಮರೋ ಚಾರಜ್ ಕ ದಾ!" ಎಂದು ಕೂಗಿ ರೇಗಿಸುವರು, ನಮ್ಮದನ್ನೂ ತುಂಬಿಸಿಕೊಡಿ ಎಂದು. ಅಪ್ಪ ಕೋಲೆತ್ತಿ ಹೊಡೆಯುವ ಹಾಗೆ ಮಾಡಿ ನಗುವರು. ಅಮ್ಮ ಹೋದ ಮೇಲೆ ಅವರ ನಗು ನಾನು ಕೇಳಿದ್ದು ಆ ರಸ್ತೆಯ ಮೇಲೆ.

ಮೊದಮೊದಲು ಗಾಡಿ ಚೆನ್ನಾಗಿಯೇ ಓಡಿತು. ಬೆಳಿಗ್ಗೆ ಹೊರಟು ಪ್ರಯಾಗಕ್ಕೆ ಹೋಗಿ, ಯಾತ್ರಿಕರು ಸಂಗಮದಲ್ಲಿ ಕಾರ್ಯ ಮುಗಿಸುವಷ್ಟರಲ್ಲಿ ಅಲ್ಲೇ ಎಲ್ಲಾದರೂ ಒಂದಿಷ್ಟು ಚಾರ್ಜು ಮಾಡಿಕೊಂಡು ಸಂಜೆಗೆ ಮನೆ ಸೇರುತ್ತಿದ್ದೆ. ದಾರಿಯಲ್ಲಿ ಒಂದೆರಡು ಕಡೆ ನಿಂತು ಗಯೆಗೂ ಹೋಗಿ ಬಂದಿದ್ದೇನೆ. ಆಮೇಲೆ ಗಯೆ ತಪ್ಪಿತು. ಒಂದು ಚಳಿಗಾಲದಲ್ಲಿ ಗಮನಿಸಿದೆ, ಪ್ರಯಾಗ ಮುಟ್ಟುವಷ್ಟರಲ್ಲಿ ಪರದೆಯ ಅಂಕಿ ಕೆಂಪಾಗಿರುತ್ತಿತ್ತು. ಚಳಿಗೆ ಹಾಗಾಗುತ್ತದೆ ಎಂದರು ಯಾರೋ. ಬೇಸಿಗೆ ಬಂತು, ಇನ್ನೂ ಬೇಗ ಕೆಂಪಾಯಿತು. ಸೆಖೆಗೆ ಹಾಗಾಗುತ್ತದೆ ಎಂದರು. ಮಳೆಗಾಲದವರು ಏನು ಹೇಳುತ್ತಿದ್ದರೋ, ನಾನು ಕೇಳಲು ಹೋಗಲಿಲ್ಲ.

"ಅಪ್ಪ, ಗಾಡಿಯೂ ನಿಮ್ಮ ಹಾಗೆ ಕ್ಷೇತ್ರ ಸನ್ಯಾಸ ತಗೊಳ್ತಾ ಇದೆ" ಎಂದು ಒಂದು ದಿನ ತಮಾಷೆ ಮಾಡಿದೆ. ಅಪ್ಪ ನಗಲಿಲ್ಲ. ತಾವು ತುಂಬಿಸುವುದು ಸಾಲುತ್ತಿಲ್ಲ ಎಂದುಕೊಂಡರು. ಅಂದಿನಿಂದ ಅವರ ಆರೈಕೆ ಇಮ್ಮಡಿಯಾಯಿತು. ನಾನು ಹತ್ತಿರದ ಲಂಕಾ ಪೇಟೆಗೆ ಹೋಗಿ ತರಕಾರಿ ತಂದು ಗಾಡಿ ನಿಲ್ಲಿಸಿದರೂ ಸಾಕು, ನಾಲ್ಕು ಕಡಿಮೆಯಾಗಿದೆಯೆಂದು ಅಪ್ಪ ವೈರು ಹಿಡಿದು ಹೊರಡುವರು. ಯಾತ್ರಿಕರಿಲ್ಲದ ಜ್ಯೇಷ್ಠ ಮಾಸದಲ್ಲಿ, ತಗಡಿನ ಮಾಡಿನ ಕೆಳಗೆ, ಬಾನೆಟ್ಟಿನ ಮೇಲೆ ಕೈಯಿಟ್ಟರೆ ಸುಡುವ ಬಿಸಿಲಲ್ಲಿ, ಗಾಡಿ ವಾರಗಟ್ಟಲೆ ನೂರಕ್ಕೆ ನೂರು ತುಂಬಿಕೊಂಡು ನಿಂತಿರುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಎಂಬ ಗಾದೆ ಇದೆಯಲ್ಲ, ಈ ಗಾಡಿಯಲ್ಲಿ ಅದು ತಲೆಕೆಳಗಾಗಿತ್ತು. ಮರ ಚೆನ್ನಾಗಿತ್ತು. ಸೀಟು ಹರಿದಿರಲಿಲ್ಲ, ಬಣ್ಣ ಮಾಸಿರಲಿಲ್ಲ, ಬಾಗಿಲು ಹಾಕಿದರೆ ಹೊಸದರಂತೆ ಸದ್ದು. ಹುಳಿಗೆ ಮುಪ್ಪು ಬಂದಿತ್ತು. ಟೋಟೋದವರಿಗೆ ಈ ತಲೆನೋವಿಲ್ಲ. ಅವರ ಬ್ಯಾಟರಿ ವರ್ಷಕ್ಕೋ ಎರಡು ವರ್ಷಕ್ಕೋ ಸಾಯುತ್ತದೆ, ಅಂಗಡಿಯ ಮುಂದೆ ಹಳೆಯದನ್ನು ಇಳಿಸಿ ಹೊಸದು ಹಾಕಿಸಿಕೊಂಡು ಹೋಗುತ್ತಾರೆ, ಸವೆದ ಚಪ್ಪಲಿ ಬಿಟ್ಟು ಹೊಸ ಚಪ್ಪಲಿ ಮೆಟ್ಟಿದ ಹಾಗೆ. ನಮ್ಮದರ ಬ್ಯಾಟರಿ ಗಾಡಿಯ ಹೊಟ್ಟೆಯ ಉದ್ದಕ್ಕೂ ಹಾಸಿಕೊಂಡಿದೆ. ಅದನ್ನು ತೆಗೆದರೆ ಉಳಿಯುವುದು ಚಕ್ರದ ಮೇಲಿನ ಡಬ್ಬ.

ಕೊನೆಗೆ ಸರ್ವಿಸ್ ಸೆಂಟರಿಗೆ ಹೋದೆ. ಅದು ಊರಾಚೆ ಹೆದ್ದಾರಿಯ ಮೇಲಿದೆ. ಕಾಶಿಯ ಗಡಿಯ ಹೊರಗೆ. ಅಪ್ಪ ಬರುವ ಹಾಗಿರಲಿಲ್ಲ. ಆಗ ಬೇಸರವಾಗಿತ್ತು, ಆಮೇಲೆ ಅದೇ ಪುಣ್ಯ ಎನ್ನಿಸಿತು. ಅಲ್ಲಿನ ಹುಡುಗ ಗಾಡಿಗೆ ಒಂದು ವೈರು ಸಿಕ್ಕಿಸಿ ಲ್ಯಾಪ್‌ಟಾಪು ನೋಡಿದ. ತಲೆಯೆತ್ತದೆ ಹಿಂದಿಯಲ್ಲಿ ಕೇಳಿದ, "ದಿನಾ ಫುಲ್ ಚಾರ್ಜು ಮಾಡಿ ಹಾಗೇ ನಿಲ್ಲಿಸ್ತೀರಾ?"

"ಹೌದು. ಒಂದು ದಿನವೂ ತಪ್ಪಿಸಿಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅದಕ್ಕೇ" ಎಂದ.

ಆಮೇಲೆ ವಿವರಿಸಿದ. ವಯಸ್ಸು ಹೇಗೂ ಆಗುತ್ತದೆ, ಯಾವ ಬ್ಯಾಟರಿಗೂ ತಪ್ಪಿದ್ದಲ್ಲ. ಆದರೆ ಕಂಠಪೂರ್ತಿ ತುಂಬಿಸಿ ಸೆಖೆಯಲ್ಲಿ ನಿಲ್ಲಿಸಿದರೆ ಬೇಗ ಸವೆಯುತ್ತದೆ. ದಿನದ ಓಡಾಟಕ್ಕೆ ಎಂಬತ್ತರ ತನಕ ತುಂಬಿಸಿದರೆ ಸಾಕಿತ್ತು. ದೂರ ಹೋಗುವ ದಿನ ಮಾತ್ರ ನೂರು. ಮತ್ತೆ ಈ ನೂರು ಇದೆಯಲ್ಲ, ಅದು ಈಗ ಬ್ಯಾಟರಿಯಲ್ಲಿ ಎಷ್ಟು ಜಾಗ ಉಳಿದಿದೆಯೋ ಅಷ್ಟರ ನೂರು. ಬಿಂದಿಗೆ ಚೆಂಬಾಗಿದೆ, ಚೆಂಬು ತುಂಬಿದರೂ ತುಂಬಿತು ಅಂತಲೇ ತೋರಿಸುತ್ತದೆ. ವಾರಂಟಿ ಮೊದಲಿನ ಮಾಲೀಕರ ಹೆಸರಿಗಿತ್ತು, ನಮಗೆ ಬರುವುದಿಲ್ಲ. ಹೊಸ ಬ್ಯಾಟರಿಯ ಬೆಲೆ ಕೇಳಿ ನಾನು ಎದ್ದು ನಿಂತೆ. ಆ ಬೆಲೆಗೆ ಇಂಥದ್ದೇ ಇನ್ನೊಂದು ಹಳೇ ಗಾಡಿ ಬರುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. ತುಂಬಿಸಬೇಡಿ ಅಂತ ಯಾರಾದರೂ ಮೊದಲೇ ಹೇಳಿದ್ದರೇನಯ್ಯ, ತುಂಬಿಸಿದ್ದು ತಪ್ಪು ಅಂತ ಯಾವ ಲೋಕದಲ್ಲಿ ಹೇಳ್ತಾರೆ ಎಂದು ಕೂಗಾಡಿದೆ. ಅವನು ಕುಡಿಯಲು ನೀರು ಕೊಟ್ಟ. ಫೋನಿನಲ್ಲೇ ಎಂಬತ್ತಕ್ಕೆ ನಿಲ್ಲುವ ಹಾಗೆ ಮಾಡಬಹುದು, ಇನ್ನಷ್ಟು ಕಾಲ ಬಾಳಬಹುದು ಎಂದು ತೋರಿಸಿಕೊಟ್ಟ. ಅವನ ಮೇಲೆ ಕೂಗಿ ಏನು ಬಂತು? ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಪ್ಪ.

ಮನೆಗೆ ಬಂದು ಅಡಿಗೆಮನೆಯಲ್ಲಿ ಹೆಂಡತಿಗೆ ಮೆಲ್ಲಗೆ ಹೇಳಿದೆ. ಅವಳು ಒಲೆ ಆರಿಸಿಬಿಟ್ಟು ನನ್ನ ಕಡೆ ತಿರುಗಿದಳು.

"ಮಾವನಿಗೆ ಹೇಳ್ಬೇಡಿ, ನಿಮಗೆ ಕೈ ಮುಗೀತೀನಿ. ಆ ಒಂದು ಕೆಲಸ ಇದೆ ಅಂತ ಹಾಸಿಗೆ ಬಿಟ್ಟು ಏಳ್ತಾರೆ."

"ಹೇಳದಿದ್ರೆ ಗಾಡಿ ಹೋಗತ್ತೆ ಕಣೆ."

"ಹೇಳಿದ್ರೆ ಅವರು ಹೋಗ್ತಾರೆ."

ಇಬ್ಬರ ಮಾತೂ ಸರಿಯಾಗಿತ್ತು. ಗಾಡಿ ಹೋದರೆ ಯಾತ್ರಿಕರು ಹೋಗುತ್ತಾರೆ, ಮೂರು ತಲೆಮಾರಿನ ಕಸುಬು ಹೋಗುತ್ತದೆ. ಅಪ್ಪನಿಗೆ ಹೇಳಿದರೆ, ಅವರು ಇಷ್ಟು ದಿನ ಮಾಡಿದ್ದು ಸೇವೆಯಲ್ಲ, ನಿಧಾನವಾಗಿ ಕೊಂದಿದ್ದು ಎಂದ ಹಾಗಾಗುತ್ತದೆ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಒಂದು ಜಾಣತನ ಮಾಡಿದೆ. ಅಪ್ಪನಿಗೆ ಏನೂ ಹೇಳದೆ ಫೋನಿನಲ್ಲಿ ಎಂಬತ್ತಕ್ಕೆ ನಿಲ್ಲುವ ಹಾಗೆ ಮಾಡಿಟ್ಟೆ. ಅವರು ವೈರು ಚುಚ್ಚಲಿ, ಗಾಡಿ ತಾನೇ ನಿಲ್ಲಿಸಿಕೊಳ್ಳಲಿ.

ಮರುದಿನ ಬೆಳಿಗ್ಗೆ ಅಪ್ಪ ಮನೆಗೆ ಬಂದವರು ನಡುಮನೆಯಲ್ಲಿ ನಿಂತು ಏನೂ ಹೇಳಲಿಲ್ಲ. ಪೂಜೆ ಮುಗಿಸಿ ಮತ್ತೆ ಡಿಪೋಗೆ ಹೋದರು. ಊಟಕ್ಕೆ ಬರಲಿಲ್ಲ. ನಾನು ಹುಡುಕಿಕೊಂಡು ಹೋದರೆ, ಕಾದ ತಗಡಿನ ಕೆಳಗೆ ಒಂದು ಕಟ್ಟಿಗೆಯ ಕೊರಡಿನ ಮೇಲೆ ಕೂತಿದ್ದಾರೆ. ವೈರು ತೆಗೆಯುವುದು, ಧೋತ್ರದ ಸೆರಗಿನಲ್ಲಿ ಪಿನ್ನು ಒರೆಸುವುದು, ಚುಚ್ಚುವುದು, ಬಾಗಿಲು ತೆರೆದು ನೋಡುವುದು. ಮೈಯೆಲ್ಲ ಬೆವರು, ತುಟಿ ಒಣಗಿತ್ತು.

"ಎಂಬತ್ತರ ಮೇಲೆ ಹತ್ತಲ್ಲ ಅಂತಿದೆ ಕಣೋ" ಎಂದರು. "ಎಷ್ಟು ಕೊಟ್ರೂ ತಗೊಳ್ತಾ ಇಲ್ಲ. ನಿಮ್ಮಮ್ಮ ಕೊನೇಲಿ ಹೀಗೇ ಮಾಡ್ತಿದ್ಲು. ಗಂಜಿ ಬಾಯಿಗಿಟ್ರೆ ತುಟಿ ಮುಚ್ಕೊಳ್ಳೋಳು."

ಕೈ ಹಿಡಿದು ಎಬ್ಬಿಸಿದೆ. ತಲೆ ಸುತ್ತಿ ನನ್ನ ಮೇಲೆ ವಾಲಿದರು. ಒಂದು ಟೋಟೋ ಹತ್ತಿಸಿ ಗಲ್ಲಿಯ ಬಾಯಿಯವರೆಗೆ ಕರೆತಂದೆ. ಎರಡನೇ ದಿನವೂ ಹೀಗೇ, ಮೂರನೇ ದಿನವೂ ಹೀಗೇ. ಅನ್ನ ಮುಟ್ಟಲಿಲ್ಲ. ನಾನು ಸೋತೆ. ಫೋನು ತೆಗೆದು ಆ ಎಂಬತ್ತನ್ನು ಅಳಿಸಿ ನೂರು ಮಾಡಿದೆ. ಮರುದಿನ ಬೆಳಿಗ್ಗೆ ನಡುಮನೆಯಲ್ಲಿ "ನೂರು!" ಎಂಬ ಕೂಗು ಕೇಳಿ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಖುಷಿಯಾಗಲಿಲ್ಲ. ಗಾಡಿಯನ್ನು ಅವರ ಕೈಗೆ ಬಿಟ್ಟುಕೊಟ್ಟೆ ಎಂದು ಗೊತ್ತಿತ್ತು.

ಮುಂದಿನ ಬೇಸಿಗೆಗೆ ಮೈಸೂರಿನಿಂದ ಒಬ್ಬ ಹೆಂಗಸು ಬಂದರು. ಗಂಡನ ಅಸ್ಥಿಯನ್ನು ಪ್ರಯಾಗದ ಸಂಗಮದಲ್ಲಿ ಬಿಡಬೇಕು, ಅದು ಅವರ ಗಂಡನ ಆಸೆ. ಜೊತೆಗೆ ಅವರ ಅಳಿಯ ಬಂದಿದ್ದ. ಆಕೆಯ ಮಾವನವರ ಕಾರ್ಯ ಮಾಡಿಸಿದ್ದು ನನ್ನ ತಾತ, ಅತ್ತೆಯದು ಅಪ್ಪ. ಅಂಥ ಮನೆಯವರಿಗೆ ನಮ್ಮ ಗಾಡಿ ಅಷ್ಟು ದೂರ ಬರುವುದಿಲ್ಲ ಎಂದು ಹೇಗೆ ಹೇಳಲಿ? ಬೇರೆ ಗಾಡಿ ಗೊತ್ತು ಮಾಡಿದರೆ ಮುಂದಿನ ಸಲ ಅವರು ನೇರ ಅಲ್ಲಿಗೇ ಫೋನು ಮಾಡುತ್ತಾರೆ. ದಾರಿಯಲ್ಲಿ ಗೋಪಿಗಂಜ್ ದಾಟಿದ ಮೇಲೆ ಒಂದು ಢಾಬಾದ ಪಕ್ಕ ಚಾರ್ಜಿಂಗ್ ಸ್ಟೇಷನ್ನಿದೆ, ಅಲ್ಲಿ ನಿಲ್ಲಿಸಿಕೊಂಡು ಹೋದರಾಯಿತು ಎಂದು ಲೆಕ್ಕ ಹಾಕಿದೆ.

ಹೊರಡುವಾಗ ಅಪ್ಪ ಡಿಪೋದವರೆಗೆ ಬಂದರು. "ನೂರಿದೆ. ಧೈರ್ಯವಾಗಿ ಹೋಗಿ ಬಾ" ಎಂದರು.

ಅಸ್ಥಿಯ ಮಡಕೆಯನ್ನು ತೀರ್ಥ ಮುಟ್ಟುವ ತನಕ ನೆಲದ ಮೇಲೆ ಇಡಬಾರದು. ನಾನೇ ಆಕೆಗೆ ಹೇಳಿದ್ದೆ. ಆಕೆ ಬಿಳಿ ಬಟ್ಟೆ ಕಟ್ಟಿದ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹೊರಗೆ ಬೆಂಕಿಯಂಥ ಗಾಳಿ, ಏಸಿ ಹಾಕದೆ ವಿಧಿಯಿರಲಿಲ್ಲ. ಅಂಕಿ ನನ್ನ ಕಣ್ಣೆದುರೇ ಇಳಿಯಿತು. ಢಾಬಾ ಮುಟ್ಟಿದಾಗ ಉಸಿರು ಬಿಟ್ಟೆ. ಚಾರ್ಜಿಂಗ್ ಸ್ಟೇಷನ್ನಿನ ಮೇಲೆ ಗೋಣಿಚೀಲ ಹೊದಿಸಿತ್ತು. "ಖರಾಬ್ ಬಾ" ಎಂದ ಢಾಬಾದವನು, ರೊಟ್ಟಿ ತಟ್ಟುತ್ತಲೇ. ಕೆಟ್ಟು ಎಷ್ಟು ದಿನವಾಗಿತ್ತೋ. ಅಲ್ಲಿ ಮಾಮೂಲಿ ಸಾಕೆಟ್ಟೂ ಇರಲಿಲ್ಲ, ಕರೆಂಟೇ ಹೋಗಿತ್ತು.

ಮುಂದಿನ ಊರಿನಲ್ಲಿ ಇನ್ನೊಂದಿದೆ ಎಂದ ಅಳಿಯ, ಫೋನಿನಲ್ಲಿ ನೋಡಿ. ಏಸಿ ಆರಿಸಿ, ಕಿಟಕಿ ಇಳಿಸಿ, ನಿಧಾನವಾಗಿ ಹೊರಟೆ. ಸ್ವಲ್ಪ ದೂರಕ್ಕೇ ಪರದೆಯ ಮೇಲೆ ಒಂದು ಆಮೆಯ ಚಿತ್ರ ಬಂತು. ಚಾರ್ಜು ಮುಗಿಯುತ್ತಾ ಬಂದಾಗ ಬರುತ್ತದೆಯಂತೆ. ಗಾಡಿ ನಿಜವಾಗಿಯೂ ಆಮೆಯಾಯಿತು, ಆಮೇಲೆ ಅದೂ ಆಗದೆ ರಸ್ತೆಯ ಅಂಚಿನಲ್ಲಿ ನಿಂತಿತು. ಸುತ್ತ ಒಂದು ಮರವಿಲ್ಲ. ಲಾರಿಗಳು ಧೂಳು ಎರಚಿಕೊಂಡು ಹೋಗುತ್ತಿದ್ದವು. ಕೈಯೊಡ್ಡಿದರೆ ಯಾರೂ ನಿಲ್ಲಿಸಲಿಲ್ಲ.

ಗಾಡಿಯೊಳಗೆ ಕೂರಲಾಗದಷ್ಟು ಕಾವು. ಆಕೆ ಇಳಿದು ಗಾಡಿಯ ನೆರಳಿನಲ್ಲಿ ನಿಂತರು, ಮಡಕೆಯನ್ನು ಎದೆಗೆ ಅವಚಿಕೊಂಡು. ಅಳಿಯ ತಾನು ಹಿಡಿದುಕೊಳ್ಳುತ್ತೇನೆಂದು ಕೈ ಚಾಚಿದ, ಕೊಡಲಿಲ್ಲ. "ಅಮ್ಮ, ಸೀಟಿನ ಮೇಲಾದರೂ ಇಡಿ" ಎಂದೆ. "ನೀವೇ ಹೇಳಿದ್ರಲ್ಲ ಭಟ್ರೇ, ಕೆಳಗಿಡಬಾರದು ಅಂತ" ಎಂದರು. ಸೀಟು ನೆಲವಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಡಕೆಯನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಿಸಿಕೊಂಡರು. ನಾನು ಆ ಗಾಡಿಯ ಚಕ್ರಕ್ಕೆ ಒದ್ದೆ. ಅಂಥ ಹೊತ್ತಿನಲ್ಲಿ ಪುರೋಹಿತ ಮಾಡಬಾರದ ಕೆಲಸ, ಆದರೂ ಮಾಡಿದೆ.

ಬಿಸಿಲು ಇಳಿಯುವ ಹೊತ್ತಿಗೆ ಒಂದು ಖಾಲಿ ಪಿಕಪ್ ವ್ಯಾನಿನವನು ನಿಲ್ಲಿಸಿದ. ಪ್ರಯಾಗ ಸೇರಿದಾಗ ದೋಣಿಗಳೆಲ್ಲ ದಡಕ್ಕೆ ಬಂದಿದ್ದವು. ಅವತ್ತು ಕಾರ್ಯ ಆಗಲಿಲ್ಲ. ಒಂದು ಧರ್ಮಶಾಲೆಯ ಕಿಟಕಿಯ ಸರಳಿಗೆ ಮಡಕೆಯನ್ನು ಕಟ್ಟಿ ತೂಗಿಸಿ, ಬೆಳಗಾದ ಮೇಲೆ ಸಂಗಮದಲ್ಲಿ ಬಿಡಿಸಿದೆ. ಆಕೆ ನನ್ನನ್ನು ಒಂದು ಮಾತು ಬೈಯಲಿಲ್ಲ. "ನಮ್ಮೋರು ಬದುಕಿದ್ದಾಗಲೂ ಯಾವತ್ತೂ ಹೊತ್ತಿಗೆ ಸರಿಯಾಗಿ ಎಲ್ಲೂ ಹೋದೋರಲ್ಲ, ಬಿಡಿ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಾಡಿ ಲಾರಿಯ ಬೆನ್ನೇರಿ ಕಾಶಿಗೆ ಬಂತು.

ಮೈಸೂರಿನವರಿಬ್ಬರನ್ನೂ ಮನೆಗೆ ಕರೆತಂದ ಮೇಲೆ ಊಟಕ್ಕೆ ಎಲೆ ಹಾಕಿದ್ದಳು ನನ್ನ ಹೆಂಡತಿ. ಅಪ್ಪ ಆಕೆಯ ಅಳಿಯನ ಎದುರು ಕೂತಿದ್ದರು. ಗಾಡಿ ನಿಂತ ಸುದ್ದಿ ಕೇಳಿ ಕುಗ್ಗಿಹೋಗಿದ್ದರು. "ನಾನು ನೂರು ತುಂಬಿಸಿದ್ದೆನಲ್ಲಪ್ಪ, ಹೇಗೆ ಸಾಲದೇ ಹೋಯಿತು?" ಎಂದು ಮತ್ತೆ ಮತ್ತೆ ಕೇಳಿದರು.

ಅಳಿಯ ಒಳ್ಳೆಯ ಹುಡುಗ. ಮೈಸೂರಿನಲ್ಲಿ ಅವನದೂ ಬ್ಯಾಟರಿ ಕಾರೇ. ಅಪ್ಪನನ್ನು ಸಮಾಧಾನ ಮಾಡಲೆಂದೇ ಬಾಯಿಬಿಟ್ಟ.

"ನೀವು ದಿನಾ ನೂರು ತುಂಬಿಸ್ತೀರಾ ತಾತ? ಹಾಗೆ ಮಾಡಬಾರದು. ಎಂಬತ್ತಕ್ಕೆ ನಿಲ್ಲಿಸಬೇಕು. ಯಾವಾಗಲೂ ಫುಲ್ ಇಟ್ಟರೆ ಬ್ಯಾಟರಿ ಬೇಗ ಹಾಳಾಗತ್ತೆ. ಅದರಲ್ಲೂ ನಿಮ್ಮೂರಿನ ಸೆಖೆಗೆ."

ಹೆಂಡತಿ ಸಾರಿನ ಸೌಟು ಹಿಡಿದು ನಿಂತವಳು ನಿಂತೇ ಇದ್ದಳು. ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಮಾತು ಮುಗಿದುಹೋಗಿತ್ತು.

"ತುಂಬಿಸಬಾರದಾ?" ಎಂದರು ಅಪ್ಪ.

"ಸುಮಾರು ಜನಕ್ಕೆ ಗೊತ್ತಿರಲ್ಲ ತಾತ."

ಅಪ್ಪ ನನ್ನ ಕಡೆ ನೋಡಿದರು. "ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಅವರ ಕಣ್ಣು ನೋಡಿ ಹೇಳಲಾಗಲಿಲ್ಲ. ಎಲೆಯ ಕಡೆ ನೋಡಿಕೊಂಡು "ಹೂಂ" ಎಂದೆ. ಅಪ್ಪ ಎಡಗೈಯಲ್ಲಿ ಲೋಟ ಸರಿಸಿ, ಬಲಗೈಯಲ್ಲಿ ಕಲೆಸಿದ್ದ ಅನ್ನವನ್ನು ಸುಮ್ಮನೆ ಎಲೆಯ ಒಂದು ಮೂಲೆಗೆ ಒತ್ತಿಟ್ಟರು. "ಆಗ ಎಂಬತ್ತಕ್ಕೆ ನಿಲ್ತಿತ್ತಲ್ಲ, ನೀನೇ ನಿಲ್ಲಿಸಿದ್ದಾ?" ಎಂದು ಕೇಳಿದರು. ನಾನು ಮತ್ತೆ ಹೂಂ ಎಂದೆ.

ಅವತ್ತು ಸಂಜೆ ಸಂಧ್ಯಾವಂದನೆಯಾದ ಮೇಲೆ ಅಪ್ಪ ಕೋಲು ಮುಟ್ಟಲಿಲ್ಲ. ನಾನೇ ಡಿಪೋಗೆ ಹೋಗಿ ವೈರು ಚುಚ್ಚಿದೆ, ಎಂಬತ್ತಕ್ಕೆ ನಿಲ್ಲಿಸಿದೆ. ಕೋಟೆ ಸೂರೆ ಹೋದ ಮೇಲೆ ಬಾಗಿಲು ಹಾಕಿದ ಹಾಗೆ. "ಬಾಬಾ ಕಹಾಂ ಹೌವನ್?" ಎಂದು ಟೋಟೋದವರು ಕೇಳಿದರು. ಬಾಬಾ ಎಲ್ಲಿ ಎಂದು. ಹುಷಾರಿಲ್ಲ ಎಂದೆ. ಮರುದಿನವೂ ಹಾಗೇ ಎಂದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು.

ನಾನು ಸಮಾಧಾನ ಹೇಳದೇ ಇರಲಿಲ್ಲ. ಬ್ಯಾಟರಿಗೆ ಹೇಗೂ ವಯಸ್ಸಾಗಿತ್ತು, ಹೋಟೆಲಿನವರೇ ಅರ್ಧ ಸವೆಸಿ ಕೊಟ್ಟಿದ್ದರು, ನಿಮ್ಮಿಂದ ಏನೂ ಆಗಿಲ್ಲ ಎಂದೆ. ಅಪ್ಪ ತಲೆಯಾಡಿಸುವರು. ಹೆಂಡತಿ ಕೊಡ ತುಂಬಿಸಿಕೊಡಿ ಮಾವ ಎಂದು ನಲ್ಲಿಯ ಹತ್ತಿರ ಕೂರಿಸಿದಳು. ಅವರು ಮುಕ್ಕಾಲಿಗೇ ನಲ್ಲಿ ತಿರುಗಿಸಿದರು. ತಟ್ಟೆಗೆ ಅರ್ಧ ಬಡಿಸು ಸಾಕು ಎನ್ನತೊಡಗಿದರು. ಇದನ್ನೆಲ್ಲ ಕಂಡೂ ನಾವು ಮುಂದಿನದನ್ನು ಊಹಿಸಲಿಲ್ಲ.

ಒಂದು ಬೆಳಿಗ್ಗೆ ಸ್ನಾನಕ್ಕೆಂದು ಎದ್ದವನು ದೇವರ ಮನೆಯ ಕಡೆ ನೋಡಿದೆ. ಅಲ್ಲಿ ಬೆಳಕಿರಲಿಲ್ಲ. ಹುಟ್ಟಿದಾಗಿನಿಂದ ಆ ಬಾಗಿಲಿನಲ್ಲಿ ನಾನು ಕತ್ತಲೆ ನೋಡಿದವನಲ್ಲ. ಒಳಗೆ ಕರಕಲು ಬತ್ತಿಯ ವಾಸನೆ. ಸ್ವಿಚ್ಚು ಹಾಕಿದರೆ, ಅಪ್ಪ ಮಣೆಯ ಮೇಲೆ ಗೋಡೆಗೊರಗಿ ಕೂತಿದ್ದಾರೆ. ಮುಂದೆ ಕಂಚಿನ ದೀಪ, ತಳ ಒಣಗಿತ್ತು. ಪಕ್ಕದಲ್ಲಿ ಎಣ್ಣೆಯ ಗಿಂಡಿ, ಅದರ ತುಂಬ ಎಣ್ಣೆ.

"ಅಪ್ಪ, ಏನಿದು?"

"ಅರ್ಧಕ್ಕೆ ನಿಲ್ಲಿಸಿದ್ದೆ ಕಣೋ" ಎಂದರು, ಮಗುವಿನ ಧ್ವನಿಯಲ್ಲಿ. "ಪೂರ್ತಿ ತುಂಬಿಸಿದ್ರೆ ಹಾಳಾಗತ್ತೆ ಅಂದ್ನಲ್ಲ ಆ ಹುಡುಗ."

ನನಗೆ ದುಃಖ ಉಕ್ಕಿ ಬಂತು. ದೀಪಕ್ಕೂ ಬ್ಯಾಟರಿಗೂ ಎಲ್ಲಿಂದೆಲ್ಲಿಗೆ ಅಪ್ಪ ಎಂದು ಕೇಳಬೇಕೆನ್ನಿಸಿತು. ಗಿಂಡಿ ಎತ್ತಿ ಅವರ ಕೈಗೆ ಕೊಡಹೋದೆ. ಅವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.

"ನೀನೇ ಹುಯ್ಯಿ. ನನ್ನ ಕೈ ಬೇಡ."

ಅಂಚಿನವರೆಗೆ ಹೊಯ್ದೆ. ನನಗೆ ಅಪ್ಪನ ವಿದ್ಯೆ ಬರುವುದಿಲ್ಲ, ಎಣ್ಣೆ ಆಚೆ ಚೆಲ್ಲಿತು. ಹೊಸ ಬತ್ತಿ ಹಾಕಿ ಬೆಂಕಿಕಡ್ಡಿ ಗೀರಿದೆ. ಬೆಳಕು ಬಂತು. ಅಪ್ಪ ಮುಖ ತಿರುಗಿಸಿ ಗೋಡೆಯ ಕಡೆ ನೋಡುತ್ತಿದ್ದರು. ಈಗ ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ನಾನೇ ಎಣ್ಣೆ ಹೊಯ್ಯುತ್ತೇನೆ. ಅಪ್ಪ ದೇವರ ಮನೆಯೊಳಗೆ ಬರುವುದಿಲ್ಲ, ಬಾಗಿಲಲ್ಲೇ ನಿಂತು ಕೈ ಮುಗಿದು ಹೋಗುತ್ತಾರೆ. ಈಗ ಅಲ್ಲಿ ಉರಿಯುತ್ತಿರುವುದು ನಾನು ಹಚ್ಚಿದ ದೀಪ. ತಾತ ಹಚ್ಚಿದ್ದು ಆರಿಹೋಯಿತು.